ಪಾತ್ರೆ ಊರಿಗೆ, ನಾವು ಸತ್ವಾದಲ್ಲಿ

ನಮ್ಮವರದು ರಸ್ತೆಗೆ ಬಿಳಿ ಗೆರೆ ಹಾಕುವ ಕೆಲಸ. ಊರಿನಲ್ಲಿ ಹೀಗೆ ಹೇಳಿದರೆ ಜನ ನಗುತ್ತಾರೆ. ಸುಣ್ಣದ ಡಬ್ಬಿ ಹಿಡಿದುಕೊಳ್ಳಲಿಕ್ಕೆ ದುಬೈವರೆಗೆ ಹೋಗಬೇಕಿತ್ತಾ ಎಂದು ನನ್ನ ತಮ್ಮನೇ ಒಮ್ಮೆ ಕೇಳಿದ್ದ. ಅದು ಸುಣ್ಣ ಅಲ್ಲ. ಡಾಮರು ಹಾಕಿ ಆದ ಮೇಲೆ ಇವರ ಗಾಡಿ ಬರುತ್ತದೆ. ಕುದಿಯುವ ಬಣ್ಣವನ್ನು ಸುರಿಯುತ್ತಾ ಮುಂದೆ ಹೋಗುತ್ತದೆ, ಹಿಂದಿನಿಂದ ರವೆಯ ಹಾಗಿರುವ ಗಾಜಿನ ಹರಳು ಉದುರಿಸುತ್ತಾರೆ. ಕತ್ತಲಲ್ಲಿ ಹೆಡ್‌ಲೈಟ್ ಬಿದ್ದಾಗ ಗೆರೆ ಹೊಳೆಯುವುದು ಆ ಹರಳಿನಿಂದ. ಇವರು ಅಲ್ಲಿ ಫೋರ್‌ಮನ್. ಕಂಪನಿಯ ಯಾರ್ಡ್ ರಾಸ್ ಅಲ್ ಖೋರಿನಲ್ಲಿ, ಮನೆ ಸತ್ವಾದಲ್ಲಿ. ಹಳೆಯ ವಿಲ್ಲಾವನ್ನು ನಾಲ್ಕಾರು ಸಂಸಾರಕ್ಕೆ ಹಂಚಿದ್ದಾರೆ, ಅದರಲ್ಲಿ ಎರಡು ಕೋಣೆ ಕಂಪನಿಯ ಲೆಕ್ಕದಲ್ಲಿ ನಮಗೆ.

ಆ ಹರಳು ನಮ್ಮ ಮನೆಯಲ್ಲಿ ಎಲ್ಲಾ ಕಡೆ ಸಿಗುತ್ತದೆ. ಪ್ಯಾಂಟಿನ ಮಡಿಕೆಯಲ್ಲಿ, ವಾಷಿಂಗ್ ಮೆಷಿನ್ನಿನ ಬಾಯಲ್ಲಿ, ಕಾರ್ಪೆಟ್ಟಿನ ಅಂಚಿನಲ್ಲಿ. ನಸುಕಿನ ಸುಬ್ಹಿ ನಮಾಜಿಗೆ ಚಾಪೆ ಹಾಸುವಾಗ ಒಂದು ಹರಳು ಮಿನುಗಿದರೆ ಸಾಕು, ನನಗೆ ಗೊತ್ತಾಗುತ್ತದೆ: ಮನುಷ್ಯ ರಾತ್ರಿ ಕೆಲಸದಿಂದ ಬಂದು ಮಲಗಿದ್ದಾರೆ, ವಾಹನಗಳ ನಡುವಿನಿಂದ ಇವತ್ತೂ ಕೈಕಾಲು ಸರಿಯಾಗಿ ಮನೆ ಸೇರಿದ್ದಾರೆ. ಅಲ್‌ಹಮ್ದುಲಿಲ್ಲಾಹ್ ಎಂದು ಅದನ್ನು ಬೆರಳಿನಿಂದ ಒತ್ತಿ ತೆಗೆದು ನಮಾಜಿಗೆ ನಿಲ್ಲುತ್ತೇನೆ. ದೇವರಿಗೆ ದಿನದ ಮೊದಲ ಶುಕ್ರು, ಮೊದಲ ಕೃತಜ್ಞತೆ, ನನ್ನದು ಅದೇ.

ರಜೆಯ ದಿನ ಅಬುಧಾಬಿಗೆ ನಾದಿನಿಯ ಮನೆಗೆ ಹೋಗುವಾಗ ದಾರಿಯುದ್ದ ಇವರ ವಿವರಣೆ. "ಇದು ನಮ್ಮದು. ಇದು ಬೇರೆ ಕಂಪನಿಯದ್ದು, ನೋಡು, ಅಂಚು ಹೇಗೆ ಹರಡಿದೆ. ಈಗ ಬಂತು ನೋಡು, ಇದು ಮತ್ತೆ ನಮ್ಮದು."

ಮಗಳು ಫೋನಿನಿಂದ ತಲೆ ಎತ್ತದೆ, "ಅಬ್ಬಾ, ಆಲ್ ಲೈನ್ಸ್ ಲುಕ್ ದ ಸೇಮ್," ಅನ್ನುತ್ತಾಳೆ.

"ಹೌದಾ? ನಿನ್ನ ಉಮ್ಮನ ನೀರುದೋಸೆಯೂ ಹೋಟೆಲಿನದ್ದೂ ಒಂದೇ ಥರ ಕಾಣುತ್ತದಾ?"

"ದಟ್ಸ್ ಡಿಫರೆಂಟ್."

"ಹಾಗಾದರೆ ಇದೂ ಡಿಫರೆಂಟ್, ಮಾರಾಯ್ತಿ."

ಸರ್ಕಾರದ ರಸ್ತೆ ಕೆಲಸ ಹೇಗೆ ನಡೆಯುತ್ತದೆ ಎಂದು ಮದುವೆಯಾಗಿ ಬರುವಾಗ ನನಗೆ ಗೊತ್ತಿರಲಿಲ್ಲ. ಈಗ ಚೆನ್ನಾಗಿ ಗೊತ್ತು, ಯಾಕೆಂದರೆ ನಮ್ಮ ಒಲೆ ಅದರ ಮೇಲೆ ಉರಿಯುತ್ತದೆ. ಇಲಾಖೆಯವರು ಕೆಲವು ವರ್ಷಕ್ಕೆಂದು ಒಂದು ದೊಡ್ಡ ಕಾರ್ಯಕ್ರಮ ಮಾಡುತ್ತಾರೆ, ಇಷ್ಟು ರಸ್ತೆ, ಅದಕ್ಕೆ ಇಷ್ಟು ಹಣ ಎಂದು. ಅದರ ಅವಧಿ ಮುಗಿದ ಮೇಲೆ ಹೊಸದಕ್ಕೆ ಮೇಲಿನಿಂದ ಒಪ್ಪಿಗೆ ಬರಬೇಕು. ಅದು ತಡವಾದರೆ ರಸ್ತೆಯನ್ನು ಹಾಗೇ ಬಿಡಲಿಕ್ಕೆ ಆಗುವುದಿಲ್ಲವಲ್ಲ, ಹಳೆಯ ಕಾರ್ಯಕ್ರಮಕ್ಕೇ ಸ್ವಲ್ಪ ಹಣ ಹಾಕಿ ಮೂರು ತಿಂಗಳು ಮುಂದುವರಿಸಿ ಅನ್ನುತ್ತಾರೆ. ಅದು ಮುಗಿಯುವಾಗ ಮತ್ತೆ ಮೂರು ತಿಂಗಳು. ಇದಕ್ಕೆ ಎಕ್ಸ್‌ಟೆನ್ಶನ್ ಎಂದು ಹೆಸರು. ಅಷ್ಟು ಹಣದಲ್ಲಿ ಹೊಂಡ ಮುಚ್ಚಬಹುದು, ಮಾಸಿದ ಗೆರೆಯನ್ನು ಹೊಸತು ಮಾಡಬಹುದು. ದೊಡ್ಡ ಕೆಲಸಕ್ಕೆ ಕೈಹಾಕುವ ಧೈರ್ಯ ಯಾರಿಗೂ ಬರುವುದಿಲ್ಲ.

ನಮ್ಮ ಮನೆಯೂ ಹಾಗೆಯೇ ನಡೆಯುತ್ತಿತ್ತು. ಸೋಫಾದ ಸ್ಪ್ರಿಂಗ್ ಎದ್ದು ಕುಂಡೆಗೆ ಚುಚ್ಚಿದರೆ ಅದರ ಮೇಲೆ ಒಂದು ದಿಂಬು. ಹೊಸ ಸೋಫಾ ಮುಂದಿನ ಎಕ್ಸ್‌ಟೆನ್ಶನ್ ನೋಡಿಕೊಂಡು. ಬಾಗಿಲ ಹಿಂದೆ ಊರಿಗೆ ಸಾಮಾನು ಕಳಿಸುವ ಕಾರ್ಗೋ ಡಬ್ಬ ಯಾವಾಗಲೂ ಒಂದು ನಿಂತಿರುತ್ತಿತ್ತು. ಅದರ ಮೇಲೆ ಬೆಡ್‌ಶೀಟ್ ಮಡಚಿ ಹಾಕಿ ನಾನು ಇಸ್ತ್ರಿ ಮಾಡುತ್ತಿದ್ದೆ. ಯಾರಾದರೂ ಬಂದರೆ ಅದೇ ಟೀ ಇಡುವ ಮೇಜು. ಹೀಗೆಂದು ನಾನು ಯಾರನ್ನೂ ದೂರುವುದಿಲ್ಲ. ಇಲಾಖೆಯಲ್ಲಿ ಕೂತವರಿಗೂ ಮೇಲೆ ಒಬ್ಬರಿದ್ದಾರೆ, ಅವರಿಗೂ ಇನ್ನೊಬ್ಬರಿದ್ದಾರೆ. ನನ್ನ ಉಸಿರು ಮೂರು ತಿಂಗಳು ಗ್ಯಾರಂಟಿ ಎಂದು ನನಗೆ ಯಾರೂ ಹೇಳಿಲ್ಲ, ಆದರೂ ದಿನಾ ಬೆಳಿಗ್ಗೆ ಎದ್ದು ಹಿಟ್ಟು ಕಲಸುತ್ತೇನಲ್ಲ.

ಆದರೆ ಆ ವರ್ಷ ಮಗಳದ್ದು ಹತ್ತನೇ ಕ್ಲಾಸು.

ಎಕ್ಸ್‌ಟೆನ್ಶನ್ ಡಿಸೆಂಬರಿಗೆ ಮುಗಿಯುವುದಿತ್ತು. ಬೋರ್ಡ್ ಪರೀಕ್ಷೆ ಫೆಬ್ರವರಿ ನಡುವಿಗೆ ಶುರುವಾಗಿ ಮಾರ್ಚಿನವರೆಗೆ. ಕೆಲಸ ಮುಂದುವರಿಯದಿದ್ದರೆ ಕಂಪನಿ ನಮ್ಮವರ ವೀಸಾ ರದ್ದು ಮಾಡುತ್ತದೆ, ಅದರ ಹಿಂದೆಯೇ ನಮ್ಮಿಬ್ಬರದ್ದೂ. ಕೋಣೆ ಬಿಡಬೇಕು. ವೀಸಾ ಹೋದ ಮೇಲೂ ಸ್ವಲ್ಪ ಸಮಯ ಇರಲಿಕ್ಕೆ ಬಿಡುತ್ತಾರೆ, ಆದರೆ ಅದು ಕೊನೆಯ ಪೇಪರಿನವರೆಗೆ ಮುಟ್ಟುವುದಿಲ್ಲ. ಒಂದನೇ ಕ್ಲಾಸಿನಿಂದ ಅದೇ ಶಾಲೆಯಲ್ಲಿ ಕಲಿತ ಹುಡುಗಿ. ಹಾಲ್ ಟಿಕೆಟಿನಲ್ಲಿ ಅದೇ ಶಾಲೆಯ ಹೆಸರು. ಅವಳನ್ನು ಎಳೆದುಕೊಂಡು ಹೋಗುವುದು ಹೇಗೆ, ಬಿಟ್ಟು ಹೋಗುವುದಾದರೂ ಹೇಗೆ?

ಸುದ್ದಿ ಯಾವಾಗಲೂ ಕೊನೆಯ ವಾರವೇ ಬರುವುದು. ಆ ಸಲ ಕೊನೆಯ ವಾರವೂ ಬಂತು, ಸುದ್ದಿ ಬರಲಿಲ್ಲ. ಯಾರ್ಡಿನಲ್ಲಿ ಗೆರೆಯ ಗಾಡಿಗಳನ್ನು ತೊಳೆದು ಸಾಲಾಗಿ ನಿಲ್ಲಿಸಿದ್ದರು. ಅರ್ಧ ಜನರನ್ನು ರಜೆಯ ಮೇಲೆ ಊರಿಗೆ ಕಳಿಸಿಯಾಗಿತ್ತು. ಇವರು ಮನೆಗೆ ಬಂದು ಬೂಟು ಬಿಚ್ಚುತ್ತಾ, "ಈ ಸಲ ಮಾಫಿ, ಎಕ್ಸ್‌ಟೆನ್ಶನ್ ಇಲ್ಲ ಅಂತ ಕಾಣ್ತದೆ. ಪಾತ್ರೆ ಕಟ್ಟುವ," ಅಂದರು.

"ಎಲ್ಲಾ ಕಟ್ಟುವುದಾ?"

"ಹೋಗುವುದು ಹೇಗೂ ಹೋಗುವುದೇ. ಹಡಗಿನಲ್ಲಿ ಹೋಗಲಿಕ್ಕೆ ಒಂದು ತಿಂಗಳು ಬೇಕು. ನಾವು ಮುಟ್ಟುವಾಗ ಪಾತ್ರೆಯೂ ಮುಟ್ಟಲಿ."

ಮಾತಿನಲ್ಲಿ ತಪ್ಪು ಏನೂ ಇರಲಿಲ್ಲ. ನಾವಿಬ್ಬರೂ ಸೇರಿ ಕಟ್ಟಿದೆವು. ಇಸ್ತ್ರಿ ಮೇಜಾಗಿದ್ದ ಡಬ್ಬವನ್ನೇ ನಡುವಿಗೆ ಎಳೆದೆವು, ಇನ್ನೆರಡು ಹೊಸ ಡಬ್ಬ ಬಂತು. ತುಪ್ಪದ ಅನ್ನದ ದೊಡ್ಡ ಚೆಂಬು, ಕುಕ್ಕರು, ಕಬ್ಬಿಣದ ಕಾವಲಿ, ಪತ್ತಿರ್ ರೊಟ್ಟಿ ಒತ್ತುವ ಮಣೆ, ಮಿಕ್ಸಿ. ಖಾಲಿ ಜಾಗಕ್ಕೆ ಟವೆಲ್ ತುರುಕಿದೆ. ಒಂದು ಕೆಟಲ್, ಹಾಲು ಕಾಯಿಸುವ ಒಂದು ಪಾತ್ರೆ, ಮೂವರಿಗೆ ಮೂರು ಬಟ್ಟಲು ಉಳಿಸಿಕೊಂಡೆ. ಬೆಳಿಗ್ಗೆ ಕಾರ್ಗೋದವರು ಬಂದರು, ಡಬ್ಬಕ್ಕೆ ಅಡ್ಡಡ್ಡ ಹಗ್ಗ ಬಿಗಿದರು, ದಪ್ಪ ಅಕ್ಷರದಲ್ಲಿ ನನ್ನ ಮಾಮಿಯ, ಅಂದರೆ ಅತ್ತೆಯ, ಮನೆಯ ವಿಳಾಸ ಬರೆದರು. ಬಾಗಿಲ ಹಿಂದೆ ಗೋಡೆ ಬೆಳ್ಳಗೆ ಕಂಡಿತು. ಡಬ್ಬ ಇದ್ದಷ್ಟು ಜಾಗಕ್ಕೆ ಧೂಳೇ ತಾಗಿರಲಿಲ್ಲ.

ಅದೇ ದಿನ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಚಾಪೆ ಮಡಚುತ್ತಿದ್ದೆ, ಇವರ ಫೋನು ಬಂತು.

"ಎಕ್ಸ್‌ಟೆನ್ಶನ್ ಬಂತು!"

"ಅಲ್‌ಹಮ್ದುಲಿಲ್ಲಾಹ್! ಎಷ್ಟು?"

"ಒಂದು ತಿಂಗಳು."

"ಒಂದೇ?"

"ಒಂದೇ. ಜನವರಿ ಕೊನೆಗೆ ಮತ್ತೆ ನೋಡುವ ಅಂದಿದ್ದಾರೆ. ಅದಿರಲಿ, ಡಬ್ಬ ಹೋಯಿತಾ?"

"ಬೆಳಿಗ್ಗೆಯೇ ಹೋಯಿತಲ್ಲ," ಅಂದೆ. ಇವರು ಕೂಡಲೇ ಕಾರ್ಗೋದವನಿಗೆ ಫೋನು ಮಾಡಿದರು. ಅವನು ಪಾಪ, ಒಳ್ಳೆಯ ಮನುಷ್ಯ. "ಖಲಾಸ್ ಭಾಯಿ, ಕಂಟೇನರ್ ಬಂದ್ ಆಯಿತು. ನಿಮ್ಮ ಡಬ್ಬ ಎಲ್ಲರಿಗಿಂತ ಒಳಗೆ ಉಂಟು," ಅಂದನಂತೆ. ಸಂಜೆ ಮನೆಗೆ ಬಂದು ಇವರು ಖಾಲಿ ಅಡುಗೆ ಮನೆಯಲ್ಲಿ ನಿಂತು ನನ್ನ ಮುಖ ನೋಡಿದರು, ನಾನು ಇವರ ಮುಖ ನೋಡಿದೆ. ಮಗಳು ಶಾಲೆಯ ಸ್ಪೆಷಲ್ ಕ್ಲಾಸಿನಿಂದ ಬಂದು ಚೀಲ ಇಳಿಸಿ, ಸುತ್ತ ಒಮ್ಮೆ ನೋಡಿ, "ವಾವ್, ವಿ ಆರ್ ಮಿನಿಮಲಿಸ್ಟ್ಸ್ ನೌ," ಅಂದಳು. ನಗಬಾರದೆಂದು ಇದ್ದೆ. ಇವರೇ ಮೊದಲು ನಕ್ಕರು.

ವಿಲ್ಲಾದ ಅಂಗಳದ ಆಚೆ ಬದಿಗೆ ಬಂಟ್ವಾಳ ಕಡೆಯ ಒಬ್ಬರು ಅಕ್ಕ ಇದ್ದಾರೆ, ಹಿಂದೂಗಳು. ನನಗಿಂತ ಹತ್ತು ವರ್ಷ ದೊಡ್ಡವರು. ಗಂಡನಿಗೆ ಹತ್ತಿರದ ಗ್ಯಾರೇಜಿನಲ್ಲಿ ಕೆಲಸ. ಮಕ್ಕಳಿಲ್ಲ. ಆ ಬಗ್ಗೆ ಅವರು ಮಾತಾಡುವುದಿಲ್ಲ, ನಾನೂ ಕೇಳುವುದಿಲ್ಲ. ನಾಲಿಗೆ ಮಾತ್ರ ಚುರುಕು. ನಗುವಿನ ಸದ್ದು ಕೇಳಿ ಬಾಗಿಲಲ್ಲಿ ನಿಂತರು.

"ಎಂತ ಮಾರಾಯ್ತಿ, ಕಳ್ಳರು ಬಂದದ್ದಾ?"

"ಇಲ್ಲ ಅಕ್ಕ, ಕಾರ್ಗೋದವರು."

ಕತೆ ಕೇಳಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು. "ಪಾತ್ರೆಗಳಿಗೆ ವೀಸಾ ಕ್ಯಾನ್ಸಲ್, ನಿಮಗೆ ಮಾತ್ರ ರಿನ್ಯೂವಲ್! ಅವು ಊರು ಸೇರಿ ಸುಖವಾಗಿರ್ತವೆ, ನೀವು ಇಲ್ಲಿ ಕೆಟಲಿನಲ್ಲಿ ಅನ್ನ ಮಾಡಿ." ಹೋಗಿ ಐದು ನಿಮಿಷದಲ್ಲಿ ತಿರುಗಿ ಬಂದರು. ಕೈಯಲ್ಲಿ ಅಗಲ ಬಾಯಿಯ ಒಂದು ಅಲ್ಯೂಮಿನಿಯಂ ಪಾತ್ರೆ, ಅದರೊಳಗೆ ಒಂದು ಬಾಣಲೆ, ಅದರೊಳಗೆ ಮೂರು ತಟ್ಟೆ, ಸೌಟು. ದೊಡ್ಡ ಪಾತ್ರೆಯನ್ನು ನನ್ನ ಕೈಗೆ ಕೊಡುವಾಗ ದನಿ ತಗ್ಗಿಸಿ, "ಇದರಲ್ಲಿ ನಾನು ಅನ್ನ, ಪಾಯಸ ಬಿಟ್ಟರೆ ಬೇರೆ ಎಂತದೂ ಮಾಡಿದ್ದಿಲ್ಲ. ನೀನು ಮನಸ್ಸಿನಲ್ಲಿ ಎಂತದೂ ಇಟ್ಕೊಳ್ಬೇಡ," ಅಂದರು.

ಹಲಾಲ್ ಅಲ್ಲದ್ದು ಏನಾದರೂ ಅದರಲ್ಲಿ ಬೆಂದಿದೆಯಾ ಎಂದು ನಾನು ಕೇಳುವ ಮೊದಲೇ ಹೇಳಿದ್ದರು. ಕೇಳಲಿಕ್ಕೆ ನಾಚಿಕೆಯಾಗಿ ಕೇಳದೇ ಇರುತ್ತಿದ್ದೆನೋ, ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯುತ್ತಿತ್ತೋ, ಗೊತ್ತಿಲ್ಲ. ಆ ಪಾತ್ರೆ ನನ್ನ ಹತ್ತಿರ ಇದ್ದಷ್ಟು ಸಮಯ ನಾನೂ ಅದರಲ್ಲಿ ದನದ ಮಾಂಸ ಬೇಯಿಸಲಿಲ್ಲ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅಷ್ಟು ಸಮಯ ನಮ್ಮಲ್ಲಿ ಕೋಳಿ, ಮೀನು, ಇಲ್ಲದಿದ್ದರೆ ಬೇಳೆ. ನಮ್ಮವರು ಒಂದು ದಿನ, "ಏನು, ನೀನು ಡಯಟ್ ಮಾಡುತ್ತಿದ್ದೀಯಾ?" ಎಂದು ಕೇಳಿದರು. ಪಾತ್ರೆಯ ಕಡೆ ಕಣ್ಣಲ್ಲೇ ತೋರಿಸಿದೆ. ಮತ್ತೆ ಕೇಳಲಿಲ್ಲ.

ಬೇರೆಯವರ ಪಾತ್ರೆಯನ್ನು ಖಾಲಿ ಹಿಂದೆ ಕೊಡುವ ಕ್ರಮ ನಮ್ಮಲ್ಲೂ ಇಲ್ಲ, ಅವರಲ್ಲೂ ಇಲ್ಲ. ಬೆಲ್ಲ ಹಾಕಿ ಕರಿದ ನಾಲ್ಕು ನೆಯ್ಯಪ್ಪ ಆದರೂ ಇರಬೇಕು. ಬಾಣಲೆಯಲ್ಲಿ ನೆಯ್ಯಪ್ಪ ಕಳಿಸಿದೆ, ಅದರಲ್ಲೇ ಅವರು ಗೋಳಿಬಜೆ ಕಳಿಸಿದರು. ಈಗ ಬಾಣಲೆ ಮತ್ತೆ ನನ್ನ ಕೈಯಲ್ಲಿ, ಮತ್ತೆ ಖಾಲಿ ಕೊಡಲಿಕ್ಕಿಲ್ಲ. ಹೀಗೆ ಆ ಬಾಣಲೆ ಅಂಗಳ ದಾಟುತ್ತಲೇ ಇತ್ತು. ಮಗಳು, "ಉಮ್ಮಾ, ದಿಸ್ ವಿಲ್ ನೆವರ್ ಎಂಡ್," ಅಂದಳು. ಮುಗಿಯಬೇಕೆಂದು ಯಾರು ಹೇಳಿದರು?

ಆದರೆ ಜನವರಿ ಓಡುತ್ತಿತ್ತು. ಇವರಿಗೆ ಆಗ ಇನ್ನೊಂದು ಚಿಂತೆ. ಮಗಳ ಶಾಲೆಯ ದಾರಿಯಲ್ಲಿ, ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿಗೆ ತಿರುಗುವ ಮೊದಲು, ಒಂದು ತುಂಡು ರಸ್ತೆಗೆ ಹೊಸ ಡಾಮರು ಹಾಕಿದ್ದರು. ಹಣ ನಿಂತದ್ದು ಡಾಮರಿಗೂ ಗೆರೆಗೂ ನಡುವೆ. ಒಂದು ತಿಂಗಳ ಹಣ ಬೇರೆ ರಸ್ತೆಗಳ ತುರ್ತು ಕೆಲಸಕ್ಕೇ ಸರಿಹೋಯಿತು. ಆ ತುಂಡು ಕಪ್ಪಗೆ, ನುಣ್ಣಗೆ, ಗೆರೆಯ ಬದಲಿಗೆ ಹಾಕಿದ ತಾತ್ಕಾಲಿಕ ಚುಕ್ಕಿಗಳಲ್ಲೇ ಹಾಗೇ ಇತ್ತು. "ಲಾರಿಯವರಿಗೆ ಚುಕ್ಕಿ ಕಾಣುವುದಿಲ್ಲ. ಮಗಳ ಬಸ್ಸು ಅದರ ಮೇಲೆಯೇ ಹೋಗುವುದಲ್ಲ," ಎಂದು ಊಟ ಮಾಡುವಾಗ ಎರಡು ಸಲ ಹೇಳಿದರು. ಕೆಲಸ ಹೋಗುವ ಬಗ್ಗೆ ಒಂದು ಸಲವೂ ಹೇಳಲಿಲ್ಲ.

ನಾನು ಬೆಳಿಗ್ಗೆ ಬಸ್ಸು ಹೊರಟ ಮೇಲೆ ಅವಳ ಕಾವಲಿಗೆಂದು ಕುರಾನಿನ ಆಯತುಲ್ ಕುರ್ಸಿ ಓದಲಿಕ್ಕೆ ಶುರು ಮಾಡಿದೆ. ಬಸ್ಸು ಆ ತುಂಡು ದಾಟಿರಬಹುದು ಎಂದು ಅನಿಸುವವರೆಗೆ ಓದುತ್ತಿದ್ದೆ. ಮತ್ತೆ ಎದ್ದು ಪಾತ್ರೆ ತೊಳೆಯುವುದು. ಪಾತ್ರೆ ಕಡಿಮೆ ಇದ್ದದ್ದರಿಂದ ತೊಳೆಯುವುದೂ ಕಡಿಮೆ. ಅದನ್ನೂ ಶುಕ್ರಿಗೆ ಸೇರಿಸಿದೆ.

ಜನವರಿಯ ಕೊನೆಯ ವಾರ ಅಕ್ಕ ಬಂದು ನಮ್ಮ ದಿಂಬಿನ ಸೋಫಾದ ಮೇಲೆ ಕೂತರು. ನಗಲಿಲ್ಲ.

"ನೋಡು, ನಾನೊಂದು ಹೇಳ್ತೇನೆ, ಬೇಜಾರು ಮಾಡ್ಬೇಡ. ನಿಮಗೆ ಹೋಗ್ಲಿಕ್ಕೆ ಬಂದ್ರೆ ಹುಡುಗಿಯನ್ನು ನನ್ನ ಹತ್ರ ಬಿಟ್ಟು ಹೋಗು. ವಿಸಿಟ್ ವೀಸಾ ತೆಗೆಯುವ. ಪರೀಕ್ಷೆ ಮುಗಿದ ದಿನ ನಾನೇ ಕರ್ಕೊಂಡು ವಿಮಾನ ಹತ್ತುತ್ತೇನೆ."

"ನಿಮಗೆ ಯಾಕೆ ಅಕ್ಕ ಅಷ್ಟು ಕಷ್ಟ..."

"ಕಷ್ಟ ಎಂತದು? ಒಂದು ತಟ್ಟೆ ಹೆಚ್ಚು ಇಡುವುದು. ಅದು ಹೇಗೂ ನಿನ್ನ ಮನೆಯಲ್ಲಿರುವ ನನ್ನ ತಟ್ಟೆಯೇ." ಮತ್ತೆ ಫೋನು ಕೈಗೆ ತೆಗೆದುಕೊಂಡು, "ರಂಜಾನ್ ನಡುವಿಗೆ ಬರ್ತದಲ್ಲ. ಅವಳಿಗೆ ಬೆಳಗಿನ ಜಾವ ಎಷ್ಟು ಗಂಟೆಗೆ ಎಬ್ಬಿಸಿ ಊಟ ಕೊಡಬೇಕು? ನನಗೆ ಹೇಳು, ಫೋನಿನಲ್ಲಿ ಅಲಾರಂ ಇಡ್ತೇನೆ."

ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಅವರು ಫೋನು ಹಿಡಿದು ಕಾಯುತ್ತಿದ್ದರು. ಸಹರಿಯ ಸಮಯ ಹೇಳಿದೆ. ಕನ್ನಡಕ ಏರಿಸಿ, ಒಂದೊಂದೇ ಅಂಕೆ ಒತ್ತಿ ಅಲಾರಂ ಇಟ್ಟರು.

ಅವರು ಹೋದ ಮೇಲೆ ಮಗಳನ್ನು ಕೇಳಿದೆ, "ಇರುತ್ತೀಯಾ ಅಕ್ಕನ ಹತ್ತಿರ?"

"ಐ ಕ್ಯಾನ್ ಮ್ಯಾನೇಜ್, ಉಮ್ಮಾ." ಪುಸ್ತಕದಿಂದ ತಲೆ ಎತ್ತಲಿಲ್ಲ. ಆಮೇಲೆ, ತುಂಬಾ ಹೊತ್ತಾದ ಮೇಲೆ, ನಮ್ಮ ಭಾಷೆಯಲ್ಲೇ ಕೇಳಿದಳು, "ನೀವು ನಿಜವಾಗಿ ಹೋಗುತ್ತೀರಾ?" ಇಂಗ್ಲಿಷ್ ಬಿಟ್ಟು ಕೇಳಿದಾಗಲೇ ಅವಳ ಹೆದರಿಕೆ ನನಗೆ ಗೊತ್ತಾದದ್ದು. ಆ ದಿನ ಸಂಜೆಯ ಮಗ್ರಿಬ್ ನಮಾಜಿನಲ್ಲಿ ನಾನು ದೊಡ್ಡದು ಏನನ್ನೂ ಕೇಳಲಿಲ್ಲ. ಯಾ ಅಲ್ಲಾಹ್, ಹೊಸ ಕಾರ್ಯಕ್ರಮ ಬೇಡ, ಐದು ವರ್ಷ ಬೇಡ, ಕೊನೆಯ ಪೇಪರಿನವರೆಗೆ ಸಾಕು. ಅಷ್ಟೇ.

ಅದೇ ದಿನಗಳಲ್ಲಿ ಊರಿನಿಂದ ಮಾಮಿಯ ಫೋನು ಬಂತು. ಅವರು ನಮ್ಮ ಮೈದುನನ ಸಂಸಾರದ ಜೊತೆ ಇದ್ದಾರೆ, ಮನೆ ತುಂಬಾ ಮಕ್ಕಳು. ಗದ್ದಲದ ನಡುವೆ ಅವರ ದನಿ: "ಮೂರು ಡಬ್ಬ ಬಂದು ಮುಟ್ಟಿತು. ನೀವು ಎಲ್ಲಿ?"

"ನಾವು ಇಲ್ಲೇ, ಮಾಮಿ. ನೀವು ಬಿಚ್ಚಿ, ಉಪಯೋಗಿಸಿ. ಮಿಕ್ಸಿ ಒಳ್ಳೆಯದುಂಟು."

"ನಾನು ಬಿಚ್ಚುವುದಿಲ್ಲ. ಬಿಚ್ಚಿದರೆ ನೀವು ಬಂದ ಹಾಗೆಯೇ ಆಯಿತು. ಮೊಮ್ಮಗಳ ಪರೀಕ್ಷೆ ಆಗಲಿ. ಅಲ್ಲಿಯವರೆಗೆ ಹಗ್ಗಕ್ಕೆ ಯಾರೂ ಕೈ ಹಾಕಬಾರದು ಅಂತ ಹೇಳಿದ್ದೇನೆ." ಹಿಂದಿನಿಂದ ನನ್ನ ಓರಗಿತ್ತಿ ಕೂಗಿದ್ದು ಕೇಳಿಸಿತು, "ಒಂದರ ಮೇಲೆ ಬೆಕ್ಕು ಮರಿ ಹಾಕಿದೆ, ಅದಕ್ಕಾದರೂ ಉಪಯೋಗ ಆಯಿತು!"

ಜನವರಿ ಮುಗಿಯುವುದರೊಳಗೆ ಸುದ್ದಿ ಬಂತು. ಫೋನಿನಲ್ಲಿ ಅಲ್ಲ. ಇವರು ಮಧ್ಯಾಹ್ನವೇ ಮನೆಗೆ ಬಂದು, ಎರಡು ಬೆರಳು ಎತ್ತಿ ತೋರಿಸಿದರು. ಎರಡು ತಿಂಗಳು, ಮಾರ್ಚ್ ಕೊನೆಯವರೆಗೆ. ನಾನು ಅಡುಗೆ ಮನೆಯ ನೆಲದಲ್ಲೇ ಹಣೆ ಊರಿ ಸುಜೂದಿಗೆ ಬಿದ್ದೆ. ಎದ್ದಾಗ ಹಣೆಗೆ ಒಂದು ಗಾಜಿನ ಹರಳು ಅಂಟಿತ್ತಂತೆ. ಇವರು ತಮ್ಮ ಹೆಬ್ಬೆರಳಿನಿಂದ ತೆಗೆದರು.

ಆ ಹಣದಲ್ಲಿ ಮೊದಲು ಗೆರೆ ಬಿದ್ದದ್ದು ಆ ಕಪ್ಪು ತುಂಡಿಗೆ. ಎಲ್ಲಿ ಮೊದಲು ಹಾಕಬೇಕೆಂದು ತೀರ್ಮಾನಿಸುವುದು ಇವರಲ್ಲ, ಆದರೆ ಇಂಜಿನಿಯರಿಗೆ ಜನವರಿಯಿಡೀ ಹೇಳಿ ಹೇಳಿ ಅವರ ತಲೆ ತಿಂದಿದ್ದರು. ಬೆಳಿಗ್ಗೆ ಬಂದವರು ಮಲಗದೆ ಕೂತು, ಮಗಳ ಶೂ ಹುಡುಕಿ ಕೊಟ್ಟು, "ಇವತ್ತು ಬಸ್ಸಿನಲ್ಲಿ ಕಿಟಕಿ ಬದಿಗೆ ಕೂತುಕೊ," ಅಂದರು. ಮಗಳಿಂದ ಸ್ವಲ್ಪ ಹೊತ್ತಿಗೆ ಇವರ ಫೋನಿಗೆ ಒಂದು ಫೋಟೋ ಬಂತು. ಕಿಟಕಿಯ ಗಾಜು, ಆಚೆ ನೇರ ಬಿಳಿ ಗೆರೆ. ಅಡಿಯಲ್ಲಿ ಬರೆದಿದ್ದಳು: ಇದು ನಮ್ಮದು.

ಇವರು ನನಗೆ ತೋರಿಸಿದರು. ಅಕ್ಕನಿಗೆ ತೋರಿಸಲಿಕ್ಕೆ ಅಂಗಳ ದಾಟಿದರು. ಮತ್ತೆ ಬಂದು ನನಗೇ ಇನ್ನೊಂದು ಸಲ ತೋರಿಸಿದರು.

ಪರೀಕ್ಷೆ ನಡೆಯುತ್ತಿರುವಾಗಲೇ ರಂಜಾನಿನ ಚಂದ್ರ ಕಂಡಿತು. ಮೊದಲ ಉಪವಾಸಕ್ಕೆ ನಾನು ಎದ್ದು ಗಂಜಿ ಬಿಸಿ ಮಾಡುತ್ತಿದ್ದೆ, ಬಾಗಿಲು ತಟ್ಟಿದ ಸದ್ದು. ಇಷ್ಟು ಹೊತ್ತಿಗೆ ಯಾರೆಂದು ತೆರೆದರೆ ಅಕ್ಕ, ನೈಟಿಯ ಮೇಲೆ ಶಾಲು ಹೊದ್ದು, ಅರ್ಧ ನಿದ್ದೆಯಲ್ಲಿ. "ಅಲಾರಂ ತೆಗೀಲಿಕ್ಕೆ ಮರ್ತು ಹೋಗಿತ್ತು ಮಾರಾಯ್ತಿ. ಹೇಗೂ ಎದ್ದೆನಲ್ಲ, ಹುಡುಗಿ ಎದ್ದಿದ್ದಾಳಾ ಅಂತ ನೋಡಿ ಹೋಗುವ ಅಂತ ಬಂದೆ." ಒಳಗೆ ಬಂದು ಮಗಳ ಹತ್ತಿರ ಕೂತರು, ಇನ್ನೊಂದು ಸೌಟು ಗಂಜಿ ಹಾಕು ಎಂದು ನನಗೆ ಕಣ್ಣು ಮಾಡಿದರು. ಆ ಅಲಾರಂ ಅವರು ರಂಜಾನ್ ಮುಗಿಯುವವರೆಗೂ ತೆಗೆಯಲಿಲ್ಲ. ದಿನಾ ಬರುತ್ತಿರಲಿಲ್ಲ, ಆದರೆ ಅಂಗಳದ ಆಚೆ ಅವರ ದೀಪ ಒಮ್ಮೆ ಹೊತ್ತಿ ಆರುತ್ತಿತ್ತು.

ಕೊನೆಯ ಪೇಪರಿನ ದಿನ ಮಗಳು ಬಂದು ಚೀಲ ಎಸೆದು ಸ್ಪ್ರಿಂಗಿನ ಸೋಫಾದ ಮೇಲೆ ಬಿದ್ದಳು. "ಡನ್," ಅಂದಳು. ದಿಂಬು ಜಾರಿ ಸ್ಪ್ರಿಂಗ್ ಚುಚ್ಚಿತು, "ಅಯ್ಯೋ!" ಎಂದು ಎದ್ದಳು. ಪರೀಕ್ಷೆ ಮುಗಿದದ್ದು ನನ್ನ ಮಗಳಿಗೆ, ನಿದ್ದೆ ಬಂದದ್ದು ನನಗೆ. ಆ ದಿನ ಅಸರಿನವರೆಗೆ ಮಲಗಿದೆ.

ಹಬ್ಬಕ್ಕೆ ಎರಡು ದಿನ ಇರುವಾಗ ಇವರು ಬಂದು ಈ ಸಲ ಮೂರು ಬೆರಳು ತೋರಿಸಿದರು. ಜೂನ್‌ವರೆಗೆ. ಆದರೂ ಪಾತ್ರೆ ಪಾತ್ರೆಯೇ, ಅಕ್ಕನದ್ದು ಅಕ್ಕನಿಗೆ ಹೋಗಬೇಕು. ನಾನು ಅಂಗಡಿಯಿಂದ ನಮ್ಮದೇ ಅಂತ ಅನ್ನ ಮಾಡುವ ಒಂದು ಚೆಂಬು ತಂದೆ. ಹಬ್ಬದ ದಿನ ಅಕ್ಕನ ಅಗಲ ಬಾಯಿಯ ಪಾತ್ರೆಯಲ್ಲೇ ತುಪ್ಪದ ಅನ್ನ ಮಾಡಿದೆ, ಮೇಲೆ ಕೋಳಿ, ಹುರಿದ ಈರುಳ್ಳಿ, ದ್ರಾಕ್ಷಿ. ಬಟ್ಟೆಯಿಂದ ಬಾಯಿ ಕಟ್ಟಿ, ಮಗಳು ಒಂದು ಕಿವಿ, ನಾನು ಒಂದು ಕಿವಿ ಹಿಡಿದು ಅಂಗಳ ದಾಟಿಸಿದೆವು.

"ಇದೆಂತ, ಪಾತ್ರೆ ಕೊಡ್ಲಿಕ್ಕೆ ಬಂದದ್ದಾ?" ಅಕ್ಕನಿಗೆ ನೋಡಿದ ಕೂಡಲೇ ಗೊತ್ತಾಯಿತು.

"ಹೌದು ಅಕ್ಕ. ಇಷ್ಟು ಸಮಯ ಇಟ್ಟುಕೊಂಡೆ. ಹೊಸದು ತಂದಿದ್ದೇನೆ."

ಅಕ್ಕ ಪಾತ್ರೆಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದರು. ಅನ್ನವನ್ನು ತಮ್ಮ ಬೇರೆ ಪಾತ್ರೆಗೆ ಬಗ್ಗಿಸಿಕೊಂಡರು, ಗಂಡನಿಗೆ ಒಂದು ತಟ್ಟೆ ಬಡಿಸಿದರು. ನಾವು ಮನೆಗೆ ಬಂದೆವು. ಸಂಜೆ ನಾದಿನಿಯ ಮನೆಗೆ ಅಬುಧಾಬಿಗೆ ಹೊರಡಲು ಇವರು ಕಾರಿನ ಹಾರ್ನ್ ಹೊಡೆಯುತ್ತಿದ್ದರು, "ಯಲ್ಲಾ, ಯಲ್ಲಾ!" ಎಂದು. ಬಾಗಿಲಿಗೆ ಬೀಗ ಹಾಕಬೇಕು, ಅಷ್ಟರಲ್ಲಿ ಅಕ್ಕ ಅಂಗಳದ ನಡುವೆ. ಕೈಯಲ್ಲಿ ಅದೇ ಪಾತ್ರೆ. ತೊಳೆದು ಒರೆಸಿದ್ದು, ಒಳಗೆ ಅರ್ಧದಷ್ಟು ಕಡಲೆಬೇಳೆ ಪಾಯಸ.

"ತಗೋ. ನಿನ್ನ ಹತ್ರವೇ ಇರಲಿ."

"ಅಕ್ಕ, ಹೊಸದು ಉಂಟು ಅಂದೆನಲ್ಲ."

"ಹೊಸದು ಊರಿಗೆ ಹೋಗುವಾಗ ಕಾರ್ಗೋಗೆ ಬೇಕಾಗ್ತದೆ, ಈಗಲೇ ಎಂತಕ್ಕೆ ಮಸಿ ಮಾಡ್ತೀ? ಇದಕ್ಕೆ ಜೂನ್‌ವರೆಗೆ ಎಕ್ಸ್‌ಟೆನ್ಶನ್ ಕೊಟ್ಟಿದ್ದೇನೆ. ಜೂನ್ ಕಳೆದ ಮೇಲೆ ಮತ್ತೆ ನೋಡುವ."

ಮಗಳು ನಕ್ಕು ಪಾತ್ರೆ ತೆಗೆದುಕೊಂಡಳು. ಒಳಗೆ ಇಡಲಿಕ್ಕೆ ಸಮಯ ಇರಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಮಗಳು ಅದನ್ನು ಮಡಿಲಲ್ಲಿ ಇಟ್ಟುಕೊಂಡು ಅಬುಧಾಬಿಯವರೆಗೆ ಹಿಡಿದಳು. ಪಾಯಸ ಚೆಲ್ಲಬಾರದೆಂದು ಇವರು ನಿಧಾನ, ಒಂದೇ ಗೆರೆಯೊಳಗೆ ಕಾರು ಓಡಿಸಿದರು. ಆ ದಾರಿಯುದ್ದ ಇದು ನಮ್ಮದು, ಅದು ನಮ್ಮದು ಎಂದು ಒಂದು ಮಾತೂ ಇರಲಿಲ್ಲ, ಕಣ್ಣೆಲ್ಲ ಕನ್ನಡಿಯಲ್ಲಿ ಪಾತ್ರೆಯ ಮೇಲೆ. ನಾದಿನಿಯ ಮನೆ ಮುಟ್ಟಿ ಪಾಯಸ ಬಗ್ಗಿಸಿ ಪಾತ್ರೆ ತೊಳೆದ ಮೇಲೆ ನನಗೆ ಯೋಚನೆ ಹತ್ತಿತು, ಇನ್ನು ಇದನ್ನು ಅಕ್ಕನಿಗೆ ಯಾವುದನ್ನು ತುಂಬಿ ಕೊಡುವುದು?